ಉಳಿದಿದ್ದ ಎರಡು ಗುಳಿಗೆ

“ಅಯ್ಯೋ ಬಸಕ್ಕ, ನಿನ್ನ ಮಾರಿಗೆ ಏನಾತು?”

ಅಮ್ಮ ಕಿರುಚಿದ್ದು ಕೇಳಿ ಸ್ಫೂರ್ತಿ ಹೋಂವರ್ಕ್ ಬಿಟ್ಟು ಹೊರಗೆ ಓಡಿಬಂದಳು. ಪಕ್ಕದ ಮನೆಯ ಬಸಕ್ಕ ತನ್ನ ಮಿರ್ಚಿ ಬಂಡಿಗೆ ಒರಗಿ ಕುಸಿದು ಕುಳಿತಿದ್ದಳು. ಅರ್ಧ ಗಂಟೆ ಹಿಂದೆ ನಗುತ್ತಿದ್ದ ಮುಖ ಈಗ ಗುರುತೇ ಸಿಗದಷ್ಟು ಊದಿತ್ತು. ಕೈತುಂಬ ಕೆಂಪು ಗಂಧೆ. ಉಸಿರೆಳೆದರೆ ಸೀಟಿ ಊದಿದಂಥ ಸದ್ದು.

“ಏನೋ ಹುಳ ಕಡದೈತಿ,” ಎಂದ ಆಟೋ ಕೆಂಚಣ್ಣ. “ಜಲ್ದಿ ಹತ್ತಸ್ರಿ, ಸಂಡೂರಿಗೆ ಹೋಗೂಣು!”

ಹುಳ ಅಲ್ಲ. ಅದು ಸ್ಫೂರ್ತಿಗೊಬ್ಬಳಿಗೇ ಗೊತ್ತಿತ್ತು.

ಯಶವಂತನಗರದಲ್ಲಿ ಅದಿರು ಲಾರಿಗಳ ಧೂಳಿಗೆ ಎಲ್ಲರ ಗಂಟಲೂ ಕೆರೆಯುತ್ತದೆ. ಗುಳಿಗೆಯ ಹೆಸರು ಓದಿಸಲು ಓಣಿಯ ಹೆಂಗಸರು ಬರುವುದು ಸ್ಫೂರ್ತಿಯ ಹತ್ತಿರವೇ. ಐದನೇ ಕ್ಲಾಸಿನ ಈ ಮಹಾರಾಣಿ ಎಂಥ ಇಂಗ್ಲಿಷ್ ಹೆಸರನ್ನೂ ಫಟಫಟ ಓದುತ್ತಿದ್ದಳು. “ನಮ್ಮ ಡಾಕ್ಟ್ರಮ್ಮ!” ಎಂದು ಅವರು ಕೆನ್ನೆ ಸವರಿದರೆ ಮುಗಿಯಿತು, ಇವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇವತ್ತು ಬಸಕ್ಕ ಗಂಟಲು ನೋವು ಎಂದಳು. ಹೋದ ತಿಂಗಳು ಸ್ಫೂರ್ತಿಗೂ ಗಂಟಲು ನೋವಿತ್ತು. ಆರಾಮಾದ ಕೂಡಲೇ ಅಮ್ಮ ಗುಳಿಗೆ ನಿಲ್ಲಿಸಿ, ಉಳಿದ ಎರಡನ್ನು ಮುಂದೆ ಬೇಕಾದೀತು ಎಂದು ಡಬ್ಬಿಗೆ ಹಾಕಿದ್ದಳು. ಸ್ಫೂರ್ತಿ ಅವನ್ನೇ ತಂದುಕೊಟ್ಟಳು. “ಈಗೊಂದು, ರಾತ್ರಿಗೊಂದು,” ಎಂದು ಬೆರಳೆತ್ತಿ ಹೇಳಿಯೂ ಬಿಟ್ಟಳು. ಬಸಕ್ಕ ಒಂದನ್ನು ಅಲ್ಲೇ ನುಂಗಿ, ಇನ್ನೊಂದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಆಟೋದಲ್ಲಿ ಸ್ಫೂರ್ತಿ ಅಮ್ಮನಿಗೂ ಗುಳಿಗೆಯ ಸುದ್ದಿ ಹೇಳಲಿಲ್ಲ. ಬಸಕ್ಕ ಸತ್ತೇ ಹೋದರೆ?

ಆಸ್ಪತ್ರೆಯಲ್ಲಿ ಡಾಕ್ಟರ್ ಸುಮಂಗಲಾ ಕೂಡಲೇ ಬಸಕ್ಕನ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಆಕ್ಸಿಜನ್ ಹಾಕಿದರು. ಸ್ವಲ್ಪ ಹೊತ್ತಿಗೆ ಆ ಸೀಟಿ ಸದ್ದು ಇಳಿಯಿತು.

“ಹುಳ ಕಡದ ಗುರ್ತು ಎಲ್ಲೂ ಇಲ್ಲ. ಯಾವ್ದಾರ ಗುಳಿಗಿ ತಗೊಂಡಿದ್ರಾ?”

“ಇಲ್ರಿ ಮೇಡಂ, ಆಕಿ ಗುಳಿಗಿ ನುಂಗಾಕಿನೇ ಅಲ್ಲ,” ಎಂದಳು ಅಮ್ಮ.

ಸ್ಫೂರ್ತಿಯ ಕಣ್ಣು ಬಸಕ್ಕನ ಸೆರಗಿನ ತುದಿಯ ಪುಟ್ಟ ಗಂಟಿನ ಮೇಲೆ ಬಿತ್ತು. ಇನ್ನೊಂದು ಗುಳಿಗೆ ಅಲ್ಲೇ ಇದೆ! ರಾತ್ರಿ ಬಸಕ್ಕ ಅದನ್ನೂ ನುಂಗುತ್ತಾಳೆ. ನುಂಗು ಎಂದವಳು ತಾನೇ.

“ನಾನು ಕೊಟ್ಟೇನ್ರಿ!” ಅವಳು ಚೀರಿದಳು. “ನನ್ನ ಗಂಟಲಿಗೆ ಕೊಟ್ಟಿದ್ದ ಗುಳಿಗಿ, ಅಮಾಕ್ಸಿಸಿಲಿನ್. ಇನ್ನೊಂದು ಆ ಗಂಟಿನ್ಯಾಗ ಐತ್ರಿ!”

ಡಾಕ್ಟರ್ ಗಂಟು ಬಿಚ್ಚಿ ಗುಳಿಗೆ ನೋಡಿದರು.

“ಇದು ನಿನಗ ಒಗ್ಗೈತಿ. ಈಕಿಗೆ ಒಗ್ಗಂಗಿಲ್ಲ. ಇನ್ನೊಂದು ನುಂಗಿದ್ರ ಜೀವಕ್ಕ ಬರ್ತಿತ್ತು,” ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸ್ಫೂರ್ತಿಗೆ.

ಬಸಕ್ಕ ನಿಧಾನವಾಗಿ ಬಾಯಿಬಿಟ್ಟಳು. “ಹೆರಿಗಿ ಟೈಮಿನ್ಯಾಗ ಒಂದು ಇಂಜೆಕ್ಷನ್ನಿಗೂ ಹಿಂಗ ಗಂಧೆ ಎದ್ದಿದ್ವುರಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಡಾಕ್ಟರ್ ಒಂದು ಕಾರ್ಡಿನ ಮೇಲೆ ಆ ಒಗ್ಗದ ಗುಳಿಗೆಯ ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟರು. ಯಾವ ದವಾಖಾನೆಗೆ ಹೋದರೂ ಮೊದಲು ಇದನ್ನು ತೋರಿಸಬೇಕು, ಗುಳಿಗೆಯ ಹೆಸರನ್ನು ಬಾಯಲ್ಲೂ ಹೇಳಬೇಕು ಎಂದರು.

ಬಸಕ್ಕನಿಗೆ ಓದಲು ಬರುವುದಿಲ್ಲ. ಅವಳು ಊದಿದ ಕಣ್ಣಲ್ಲೇ ಸ್ಫೂರ್ತಿಯನ್ನು ಹುಡುಕಿ ಕೈ ಚಾಚಿದಳು. “ಬಾ ಡಾಕ್ಟ್ರಮ್ಮ, ಏನ್ ಬರದಾರ ಓದು.”

“ಹಂಗ ಕರೀಬ್ಯಾಡ ಬಸಕ್ಕ.” ಸ್ಫೂರ್ತಿಗೆ ಅಳು ಒತ್ತಿಬಂತು.

“ಆತು ಬಿಡವ್ವ. ಓದು.”

ಈ ಸಲ ಫಟಫಟ ಓದಲಾಗಲಿಲ್ಲ. “ಅ... ಮಾಕ್ಸಿ... ಸಿಲಿನ್.”

“ಅಮಾಸಿ...?”

“ಅಮಾಸಿ ಅಲ್ಲ ಬಸಕ್ಕ. ಅಮಾಕ್ಸಿ.”

ಆ ಹೆಸರು ಬಸಕ್ಕನ ಬಾಯಲ್ಲಿ ಸರಿಯಾಗಿ ಕೂರುವವರೆಗೂ ಸ್ಫೂರ್ತಿ ಮಂಚದ ಪಕ್ಕದಿಂದ ಏಳಲಿಲ್ಲ.