ಕರು ಹಿಡಿದ ಕೂಲಿ

ಚೆಕ್ ಮೇಲೆ ತನ್ನ ಹೆಸರು ನೋಡಿ ಲೋರ್ನಾ ಹೋಫ್‌ಸ್ಟಾಡ್ ನಕ್ಕಳು. ಒಳ್ಳೆಯ ನಗುವಲ್ಲ.

"ಇದೇನು ಸಾಹೇಬ್ರೆ?"

"ಬೆಳಗ್ಗೆಯಿಂದ ಕರು ಹಿಡಿದ್ರಲ್ಲ," ಎಂದ ಡೇನ್ ವಿಟ್ಲಾಕ್. "ಎಲ್ಲರಿಗೂ ಕೊಟ್ಟೆ."

ಎಲ್ಲರಿಗೂ! ಅವನ ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಹಾಕಲು ಹನ್ನೊಂದು ಮನೆಯವರನ್ನು ಕರೆದವಳು ಅವಳೇ. ‘ಒಳ್ಳೆಯವನು, ಬನ್ನಿ’ ಎಂದು ಅವನ ಪರವಾಗಿ ಮಾತು ಕೊಟ್ಟಿದ್ದಳು. ಮೊಂಟಾನಾದ ಈ ಮೂಲೆಯಲ್ಲಿ ನಿನ್ನ ಕರು ಹಿಡಿದವರ ಕರುವನ್ನು ನೀನು ಹೋಗಿ ಹಿಡಿಯಬೇಕು. ದುಡ್ಡು ಕೊಟ್ಟರೆ, ನಿಮ್ಮ ಮನೆಗೆ ನಾನು ಬರುವವನಲ್ಲ ಎಂದು ಮುಖಕ್ಕೆ ಹೇಳಿದಂತೆ.

"ನಿಮ್ಮ ಸಿಯಾಟಲ್ ನಗರದಲ್ಲಿ ಅಮ್ಮ ಬಡಿಸಿದ್ರೂ ಟಿಪ್ ಇಡ್ತಿದ್ರಾ?"

ಅವನ ಕಿವಿ ಕೆಂಪಾಯಿತು. ಆ ಕಿವಿ ಮುದ್ದಾಗಿದೆ ಎನ್ನಿಸಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ವರ್ಷಕ್ಕೆ ಮೂವರು ಈ ಕೌಂಟಿ, ಅಂದರೆ ಜಿಲ್ಲೆ, ಬಿಟ್ಟರೆ ಇವನಂಥ ಒಬ್ಬ ಬರುತ್ತಿದ್ದ, ಮೂವರ ಆದಾಯವನ್ನೂ ಮೀರಿಸುವ ನಗರದ ಸಂಬಳ ಹೊತ್ತು. ಕಾಗದದ ಮೇಲೆ ಕೌಂಟಿ ಉದ್ಧಾರವಾಗುತ್ತಿತ್ತು. ಶಾಲೆಯ ಬೆಂಚುಗಳು ಮಾತ್ರ ಖಾಲಿ. ಬಂದವರು ಹೊಳೆ ಕಾಣುವಂತೆ ಗಾಜಿನ ಮನೆ ಕಟ್ಟಿ, ಎರಡು ಚಳಿಗಾಲ ನಡುಗಿ, ಮಾರಿ ಹೋಗುತ್ತಿದ್ದರು.

"ನೀವೂ ಹೋಗೋರೇ," ಎಂದು ಚೆಕ್ ಹರಿದಳು. "ನನ್ನ ಮಾತಿಗೆ ಇನ್ನು ಇಲ್ಲಿ ಬೆಲೆ ಇಲ್ಲ."

ಶನಿವಾರ ಅವಳ ಮನೆಯ ಸರದಿ. ಸೂರ್ಯ ಹುಟ್ಟುವ ಮೊದಲೇ ಅವನ ಟ್ರಕ್ ಗೇಟಿನಲ್ಲಿತ್ತು. ಯಾರೂ ಮಾತಾಡಿಸಲಿಲ್ಲ. ಮುದುಕ ಆರ್ವಿಡ್ ಸ್ಟೀನ್ ಎಲ್ಲಕ್ಕಿಂತ ದಪ್ಪ ಕರುವನ್ನು ಅವನೆದುರು ಎಳೆಸಿ, "ಹಿಂಗಾಲು ಹಿಡಿ," ಎಂದ. ಕರು ಒದ್ದಿತು, ಅವನ ತುಟಿ ಒಡೆಯಿತು. ಡೇನ್ ಸಗಣಿಯಲ್ಲಿ ಬಿದ್ದ, ಎದ್ದ, ಮತ್ತೆ ಹಿಡಿದ. ಮಧ್ಯಾಹ್ನದವರೆಗೆ ಅರವತ್ತೆರಡು ಕರು.

ಊಟಕ್ಕೆ ಕೂತಾಗ ಆರ್ವಿಡ್ ಬೀನ್ಸ್ ಅಗಿಯುತ್ತಲೇ ಗೊಣಗಿದ: "ಏಯ್ ಸಿಯಾಟಲ್, ಬುಧವಾರ ನಮ್ಮನೇದು. ಆರಕ್ಕೆ. ಚೆಕ್‌ಬುಕ್ ತಂದ್ರೆ ಅದಕ್ಕೂ ಮುದ್ರೆ ಹಾಕ್ತೀನಿ."

ಎಲ್ಲರೂ ನಕ್ಕರು. ನಲ್ಲಿಯ ಬಳಿ ಲೋರ್ನಾ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿದಳು, ಬೇಕೆಂದೇ ಸ್ವಲ್ಪ ಒತ್ತಿ.

"ಆಹ್! ಇವರ ಜೊತೆ ಇರ್ತೀನಿ ಅಂತ ತೋರಿಸೋಕೆ ಬಂದೆ," ಎಂದ. "ನಿನ್ನ ಜೊತೆ ಇರ್ತೀನಿ ಅಂತ ಹೇಳೋಕೂ."

"ಥೂ, ಎಂಥ ಮಾತೋ! ಇದನ್ನೂ ದುಡ್ಡು ಕೊಟ್ಟು ಬರೆಸಿದ್ಯಾ?"

"ಇಲ್ಲ. ಕೆಟ್ಟದಾಗಿದೆ ಅಂದ್ರೆ ನನ್ನದೇ."

"ಬಾಯಿ ತೆಗಿ, ಹಲ್ಲು ಇದಾವೋ ನೋಡ್ತೀನಿ."

ಪಾಪ, ನಂಬಿ ತೆಗೆದ. ಹನ್ನೊಂದು ಮನೆಯವರು ತಟ್ಟೆಯಿಂದ ತಲೆಯೆತ್ತಿ ನೋಡುತ್ತಿರುವಂತೆಯೇ ಅವಳು ಆ ಒಡೆದ ತುಟಿಗೆ ಮುತ್ತಿಟ್ಟಳು.