ಹಳದಿ ಟೇಪಿನ ಕೆಳಗೆ

ಸೋಮವಾರ ಬೆಳಗ್ಗೆ ಒಂಬತ್ತೂ ಕಾಲಿಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಸರ, ಸೈಕಲ್ಲು, ನೀರಿನ ಮೋಟರು, ಒಮ್ಮೆ ಯಾರದೋ ಮನೆಯ ಮುಂಬಾಗಿಲು ಕೂಡ ಕಳುವಾದದ್ದು ಅವರ ಕೈಯಲ್ಲಿ ದಾಖಲಾಗಿತ್ತು. ನೆಲ ಅಗೆಯುವ ಮೂರು ಟನ್ನಿನ ಯಂತ್ರ, ಅದೂ ಕಾವಲುಗಾರ ಕೂತಿದ್ದ ಯಾರ್ಡ್‌ನಿಂದ ಮಾಯವಾದದ್ದು ಇದೇ ಮೊದಲು.

ಅವರ ತಲೆ ಮೊದಲೇ ಕೆಟ್ಟಿತ್ತು. ಠಾಣೆಯ ಗೇಟಿನ ಮುಂದೆ ನೀರಿನ ಪೈಪಿಗೆಂದು ಅಗೆದು ಮುಚ್ಚಿದ ಜಾಗ ಕುಸಿದು ಹಳ್ಳವಾಗಿ ತಿಂಗಳುಗಳೇ ಆಗಿದ್ದವು. ಜೀಪು ಒಳಬರುವಾಗಲೆಲ್ಲ ಸೊಂಟ ಮುರಿಯುವ ಹಾಗೆ ಎತ್ತಿಹಾಕುತ್ತಿತ್ತು. ಅದನ್ನು ಮುಚ್ಚಿದ ಪುಣ್ಯಾತ್ಮನೇ ಈಗ ದೂರುದಾರನಾಗಿ ಎದುರಿಗೆ ಕೈಕಟ್ಟಿ ಕೂತಿದ್ದ.

ಊರೆಲ್ಲ ಅವನನ್ನು ನಲ್ಲಿಯಪ್ಪ ಎಂದೇ ಕರೆಯುತ್ತಿತ್ತು. ಸೋರುವ ನಲ್ಲಿಗೆ ವಾಷರ್ ಹಾಕುತ್ತಿದ್ದವನು ಈಗ ಹೊಸ ಬಡಾವಣೆಗಳಿಗೆ ಪೈಪು, ಚರಂಡಿ, ಕಾಂಕ್ರೀಟು ಎಲ್ಲ ಗುತ್ತಿಗೆ ಹಿಡಿಯುವಷ್ಟು ಬೆಳೆದಿದ್ದ. ಬೆಳೆದ ಮೇಲೆ ಒಂದು ಹಳೇ ಯಂತ್ರ ಸಾಲದು, ಆರು ಹೊಸವು ಬೇಕು ಎಂದು ತೀರ್ಮಾನಿಸಿದ್ದ. ಯಾವುದು ಒಳ್ಳೆಯದೆಂದು ನೋಡಲು ಮಾರಾಟದ ಕಂಪನಿ ಒಂದು ದೊಡ್ಡದನ್ನೂ ಒಂದು ಚಿಕ್ಕದನ್ನೂ ಪರೀಕ್ಷೆಗೆಂದು ಅವನ ಯಾರ್ಡ್‌ನಲ್ಲಿ ಬಿಟ್ಟಿತ್ತು. ಮಾಯವಾದದ್ದು ಚಿಕ್ಕದು. ಪಕ್ಕದಲ್ಲಿ ಆ ಕಂಪನಿಯ ಸೇಲ್ಸ್‌ಮನ್ ಟೈ ಸಡಿಲಿಸಿಕೊಂಡು ಬೆವರುತ್ತಿದ್ದ.

"ಕೊನೇ ಸಲ ನೋಡಿದ್ದು ಯಾವಾಗ?" ಇನ್‌ಸ್ಪೆಕ್ಟರ್ ಕೇಳಿದರು.

"ಶನಿವಾರ ಸಂಜೆ ಸಾರ್," ನಲ್ಲಿಯಪ್ಪ ಹೇಳಿದ. "ಎರಡೂ ಮಶೀನಿನ ಟ್ರಯಲ್ ಮುಗಿಸಿ ನಿಲ್ಲಿಸಿದ್ವಿ. ನಿನ್ನೆ ರಜಾ. ಇವತ್ತು ಮಧ್ಯಾಹ್ನ ಒಪ್ಪಂದಕ್ಕೆ ಸಹಿ ಹಾಕ್ಬೇಕಿತ್ತು. ನಮ್ಮ ಹಳೇ ಮಶೀನನ್ನ ಎಕ್ಸ್‌ಚೇಂಜ್‌ನಲ್ಲಿ ಇವರೇ ತಗೊಂಡು ಹೋಗೋರಿದ್ರು."

"ಕೀ?"

"ಆಫೀಸ್ ಗೋಡೆಯ ಮೊಳೆಗೆ ಹಾಕಿದ್ವಿ. ಈಗಲೂ ಅಲ್ಲೇ ಇದೆ."

"ಮಶೀನ್ ಕದ್ದವನು ಕೀ ವಾಪಸ್ ತಂದು ನೇತುಹಾಕಿದನೇನು? ಭಲೇ ಶಿಸ್ತಿನ ಕಳ್ಳ. ನಿಮ್ಮಲ್ಲಿ ಮಶೀನ್ ಓಡಿಸೋಕೆ ಬರೋರು ಯಾರ್ ಯಾರು?"

"ನಾಲ್ಕು ಜನ ಹುಡುಗರು ಸಾರ್. ನಾಲ್ಕೂ ಜನ ನಿನ್ನೆ ಊರಲ್ಲೇ ಇರಲಿಲ್ಲ. ಎಲ್ಲ ಸೇರಿ ಪಕ್ಕದೂರಿಗೆ ಮ್ಯಾಚ್ ನೋಡೋಕೆ ಹೋಗಿದ್ರು."

"ಮತ್ಯಾರೂ ಇಲ್ವಾ?"

"ಮತ್ಯಾರೂ ಇಲ್ಲ."

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಚುರುಕಮ್ಮನನ್ನು ಜೊತೆಗೆ ಕರೆದುಕೊಂಡು ಹೊರಟರು. ಅದು ಠಾಣೆಯವರು ಇಟ್ಟ ಹೆಸರು. ಆಕೆಯ ಕಣ್ಣು ತಪ್ಪಿಸಿ ಠಾಣೆಯಲ್ಲಿ ಒಂದು ಬಿಸ್ಕತ್ತು ತಿನ್ನುವುದೂ ಸಾಧ್ಯವಿರಲಿಲ್ಲ. ಗೇಟು ದಾಟುವಾಗ ಜೀಪು ವಾಡಿಕೆಯಂತೆ ಎತ್ತಿಹಾಕಿತು. ಇನ್‌ಸ್ಪೆಕ್ಟರ್ ಹಿಂದೆ ಕೂತಿದ್ದ ನಲ್ಲಿಯಪ್ಪನನ್ನು ತಿರುಗಿ ನೋಡಿದರು. ಅವನು ಕಿಟಕಿಯಾಚೆ ಏನೋ ಅಪೂರ್ವವಾದದ್ದು ಕಂಡವನಂತೆ ಕೂತಿದ್ದ.

ಯಾರ್ಡ್ ಎಂದರೆ ತಗಡಿನ ಬೇಲಿ ಹಾಕಿದ ದೊಡ್ಡ ಬಯಲು. ಒಂದು ಬದಿಗೆ ಪೈಪುಗಳ ರಾಶಿ, ಮರಳು, ಜಲ್ಲಿ. ಇನ್ನೊಂದು ಬದಿಗೆ ಎರಡು ಕೋಣೆಯ ಆಫೀಸು. ನಡುವೆ ಹೊಳೆಯುವ ದೊಡ್ಡ ಯಂತ್ರ, ಅದರ ಪಕ್ಕ ಬಣ್ಣ ಹೋಗಿ ಸೀಟಿಗೆ ತೇಪೆ ಹಾಕಿದ ಹಳೇ ಯಂತ್ರ. ಚುರುಕಮ್ಮ ಬೇಲಿಯುದ್ದಕ್ಕೂ ಒಂದು ಸುತ್ತು ಹಾಕಿ ಬಂದಳು.

"ಬೇಲಿ ಎಲ್ಲೂ ಕಿತ್ತಿಲ್ಲ ಸಾರ್. ಗೇಟಿನ ಹತ್ತಿರ ಟ್ರೇಲರ್ ಚಕ್ರದ ಗುರುತೂ ಇಲ್ಲ. ಮೂರು ಟನ್ನನ್ನ ಯಾರೂ ಕಂಕುಳಲ್ಲಿ ಇಟ್ಕೊಂಡು ಹೋಗಲ್ಲ."

"ಅದರಲ್ಲಿ ಎಲ್ಲಿದೆ ಅಂತ ತೋರಿಸೋ ಸಾಧನ ಇರುತ್ತಲ್ಲ?" ಇನ್‌ಸ್ಪೆಕ್ಟರ್ ಸೇಲ್ಸ್‌ಮನ್‌ನನ್ನು ಕೇಳಿದರು.

"ಇದೆ ಸಾರ್. ನಿನ್ನೆ ಮಧ್ಯಾಹ್ನದ ತನಕ ಇದೇ ಯಾರ್ಡ್ ತೋರಿಸ್ತಿತ್ತು. ಆಮೇಲೆ ಸಿಗ್ನಲ್ಲೇ ಇಲ್ಲ. ಕಳ್ಳ ಕಿತ್ತು ಬಿಸಾಕಿರ್ಬೇಕು."

ಗೇಟಿನ ಕಾವಲುಗಾರನನ್ನು ಕರೆಸಿದರು. ವಯಸ್ಸಾದ ಮನುಷ್ಯ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ನಿನ್ನೆ ಯಾರು ಬಂದಿದ್ರು?"

"ಯಾರೂ ಬಂದಿಲ್ಲ ಸಾರ್. ದೇವರಾಣೆ."

"ಏನಾದ್ರೂ ಸದ್ದು?"

"ಏನೂ ಇಲ್ಲ. ನಮ್ಮ ಹಳೇ ಮಶೀನಿನ ಸದ್ದು, ಅಷ್ಟೇ."

ಇನ್‌ಸ್ಪೆಕ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರೂ ಬರದೆ ಮಶೀನ್ ತಾನೇ ಸದ್ದು ಮಾಡ್ತಾ?"

"ಅಕ್ಕ ಬಂದಿದ್ರಲ್ಲ ಸಾರ್. ಟ್ರಯಲ್‌ನಲ್ಲಿ ತೋಡಿದ ಗುಂಡಿ ಬಾಯಿ ತೆರ್ಕೊಂಡಿದೆ, ಮುಚ್ತೀನಿ ಅಂದ್ರು. ಅವರು ಮನೆಯವರು. ನೀವು ಯಾರು ಬಂದಿದ್ರು ಅಂತ ತಾನೆ ಕೇಳಿದ್ದು?"

ಅಕ್ಕ ಎಂದರೆ ನಲ್ಲಿಯಪ್ಪನ ಸ್ವಂತ ಅಕ್ಕ. ಅವನ ಕಿವಿಯ ತುದಿ ಕೆಂಪಾಯಿತು. "ಅವಳು ಹಿಂದೆ ಓಡಿಸ್ತಿದ್ಲು ಸಾರ್. ಈಗ ವಯಸ್ಸಾಯ್ತು, ಆಫೀಸಲ್ಲಿ ಕೂತಿರ್ತಾಳೆ. ಅವಳನ್ನ ಇದರಲ್ಲಿ ಎಳೀಬೇಡಿ."

ಇನ್‌ಸ್ಪೆಕ್ಟರ್ ಯಾರ್ಡ್‌ನ ಹಿಂಭಾಗಕ್ಕೆ ನಡೆದರು. ದಾರಿಯುದ್ದಕ್ಕೂ ಹುಡುಗರು ಅಭ್ಯಾಸಕ್ಕೆಂದು ಅಗೆದು ಮುಚ್ಚಿದ ಕಾಲುವೆಗಳು ಠಾಣೆಯ ಗೇಟಿನ ಹಳ್ಳದಂತೆಯೇ ಕುಸಿದಿದ್ದವು. ಎರಡು ಕಡೆ ಅವರ ಬೂಟು ಹೂತುಕೊಂಡಿತು, ಅವರು ಬಾಯಿಗೆ ಬಂದದ್ದನ್ನು ಗೊಣಗಿದರು. ಕೊನೆಗೆ ಒಂದು ಜಾಗಕ್ಕೆ ಬಂದಾಗ ಕಾಲಿಗೆ ನೆಲ ಸಿಕ್ಕಿತು. ಎರಡು ಕೋಣೆಯಷ್ಟು ಅಗಲ, ಮನೆಯೊಳಗಿನ ನೆಲದ ಹಾಗೆ ಸಮತಟ್ಟು. ಮಣ್ಣು ಇನ್ನೂ ತೇವವಿತ್ತು. ಹಿಮ್ಮಡಿಯಿಂದ ಗುದ್ದಿದರೂ ಅಲುಗಲಿಲ್ಲ.

"ಇದೇನಾ ಟ್ರಯಲ್ ಗುಂಡಿ? ಎಷ್ಟು ಆಳ ಇತ್ತು?"

"ದೊಡ್ಡ ಮಶೀನಿನ ತಾಕತ್ತು ತೋರಿಸೋಕೆ ಎರಡಾಳಿಗಿಂತ ಜಾಸ್ತಿನೇ ತೋಡಿದ್ವಿ ಸಾರ್," ಎಂದ ಸೇಲ್ಸ್‌ಮನ್, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ. "ಒಳಗೆ ಇಳಿಯೋಕೆ ಇಳಿಜಾರು ದಾರೀನೂ ಮಾಡಿದ್ವಿ."

ಇನ್‌ಸ್ಪೆಕ್ಟರ್ ಚುರುಕಮ್ಮನ ಕಡೆ ನೋಡಿದರು. ಆಕೆ ಆಗಲೇ ಗುದ್ದಲಿ ಹುಡುಕಿಕೊಂಡು ಬಂದಿದ್ದಳು. ಮೊಳದಾಳ ಅಗೆಯುವಷ್ಟರಲ್ಲಿ ಗುದ್ದಲಿಗೆ ಏನೋ ಸಿಕ್ಕಿಕೊಂಡಿತು. ಕೈಹಾಕಿ ಎಳೆದರೆ ಅಂಗೈ ಅಗಲದ ಹಳದಿ ಪ್ಲಾಸ್ಟಿಕ್ ಟೇಪು. ಅದರ ಮೇಲೆ ಸಾಲಾಗಿ ಒಂದೇ ಮಾತು: ಎಚ್ಚರಿಕೆ, ಕೆಳಗೆ ಪೈಪ್ ಇದೆ.

"ಇಲ್ಲಿ ಪೈಪ್ ಇದೆಯೇನ್ರೀ?"

ನಲ್ಲಿಯಪ್ಪ ತಲೆಯಾಡಿಸಿದ. "ಇಲ್ಲ."

"ಈ ಟೇಪ್ ಯಾತಕ್ಕೆ ಹಾಕ್ತಾರೆ?"

"ಮುಂದೆ ಯಾರಾದ್ರೂ ಅಗೆದ್ರೆ ಮೊದಲು ಟೇಪ್ ಸಿಗುತ್ತೆ, ನಿಲ್ಲಿಸ್ತಾರೆ. ಕೆಳಗಿರೋದಕ್ಕೆ ಏಟು ಬೀಳಲ್ಲ."

"ನಿಮ್ಮ ಹುಡುಗರು ಹಾಕ್ತಾರಾ?"

ಠಾಣೆಯ ಗೇಟಿನ ಮುಂದೆ ಟೇಪು ಇಲ್ಲದಿರುವುದು ಇಬ್ಬರಿಗೂ ಗೊತ್ತಿತ್ತು. ಇನ್‌ಸ್ಪೆಕ್ಟರ್‌ಗೆ ನಗು ಬಂತು, ಸಿಟ್ಟೂ ಬಂತು. ಕದ್ದ ಮಾಲನ್ನು ಹೂತು ಅದರ ಮೇಲೆ 'ಜೋಪಾನ' ಎಂದು ಬರೆದಿಟ್ಟ ಕಳ್ಳರನ್ನು ಅವರು ಕಂಡಿರಲಿಲ್ಲ.

ಆಫೀಸಿನ ಒಳಕೋಣೆಯಲ್ಲಿ ಹೊಸ ಮೇಜು, ಹೊಸ ಕುರ್ಚಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಹೊಸ ಫೋನು. ಕುರ್ಚಿ ಖಾಲಿಯಿತ್ತು. ಅಕ್ಕ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು. ಐವತ್ತರ ಆಸುಪಾಸು, ಗಟ್ಟಿ ಆಳು, ಬಿಸಿಲಿಗೆ ಒಂದು ಬದಿಯ ಕೆನ್ನೆ ಇನ್ನೊಂದಕ್ಕಿಂತ ಕಪ್ಪಾಗಿತ್ತು.

"ಟೇಪ್ ಸಿಕ್ತಾ?" ಎಂದು ಅವಳೇ ಮೊದಲು ಕೇಳಿದಳು.

"ಸಿಕ್ತು. ಹೂತಿದ್ದು ನೀವೇನಾ?"

"ನಾನೇ."

"ಜೊತೆಗೆ ಯಾರಿದ್ರು?"

"ಹಳೇ ಮಶೀನಿತ್ತು."

"ಟೇಪ್ ಹಾಕದಿದ್ರೆ ನಾವು ಇಷ್ಟು ಬೇಗ ನಿಮ್ಮ ಹತ್ರ ಬರ್ತಿರಲಿಲ್ಲ."

"ಗೊತ್ತು. ಮುಚ್ಚೋವಾಗಲೇ ಅನ್ನಿಸ್ತು. ಆದ್ರೆ ಟೇಪ್ ಹಾಕ್ದೆ ಮಣ್ಣೆಳೆಯೋಕೆ ಕೈ ಏಳಲಿಲ್ಲ." ಅವಳ ದನಿಯಲ್ಲಿ ಪಶ್ಚಾತ್ತಾಪದ ಎಳೆಯೂ ಇರಲಿಲ್ಲ. ಕೆಲಸ ಎಂದರೆ ಹಾಗೆ, ಅಷ್ಟೇ ಎಂಬಂತಿತ್ತು.

"ಯಾಕೆ ಮಾಡಿದ್ರಿ?"

ಅಕ್ಕ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡುತ್ತ ಹೇಳಿದಳು. "ಶನಿವಾರ ಎಲ್ಲರಿಗೂ ಟ್ರಯಲ್ ಕೊಟ್ರು. ಹುಡುಗರಿಗೆ ಕೊಟ್ರು, ಇವನು ಹತ್ತಿ ಫೋಟೋ ತೆಗೆಸ್ಕೊಂಡ, ಇವನಿಗೆ ಬ್ರೇಕ್ ಯಾವುದು ಅಂತಾನೂ ಗೊತ್ತಿಲ್ಲ. ನಾನು ಕೇಳಿದ್ರೆ ಈ ಟೈ ಕಟ್ಟಿರೋ ಮಹಾನುಭಾವ, ಮೇಡಂ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಮಶೀನ್ ತಿರುಗುತ್ತೆ ಅಂದ. ನನಗೆ! ಇವನು ಪೈಪಿನ ಬ್ಯಾಗ್ ಹಿಡ್ಕೊಂಡು ಬೀದಿ ಸುತ್ತುತ್ತಿದ್ದಾಗ ಆ ಹಳೇ ಮಶೀನಲ್ಲಿ ಊರಿನ ಅರ್ಧ ಪೈಪಿಗೆ ನೆಲ ಅಗೆದೋಳು ನಾನು. ಇವನೇನಂದ? ಅಕ್ಕಾ, ನೀನಿನ್ನು ಫ್ಯಾನಿನ ಕೆಳಗೆ ಕೂತ್ಕೊಂಡು ಫೋನ್ ಎತ್ತು ಅಂದ."

"ನಿನ್ನ ಒಳ್ಳೇದಕ್ಕೇ ಅಂದೆ ಅಕ್ಕಾ," ನಲ್ಲಿಯಪ್ಪ ಹೇಳಿದ. "ಬೆನ್ನು ನೋವು ಅಂತಿದ್ದೆಯಲ್ಲ."

"ಬೆನ್ನು ನೋವು ಅಂದೆ, ಬೆನ್ನು ಮುರೀತು ಅಂದೆನಾ? ನನ್ನ ಮಶೀನನ್ನ ಎಕ್ಸ್‌ಚೇಂಜಿಗೆ ಹಾಕಿದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

ಇನ್‌ಸ್ಪೆಕ್ಟರ್ ನಡುವೆ ಬಾಯಿ ಹಾಕಿದರು. "ಮಶೀನ್ ಹೊರಗೆ ತೆಗೀಬೇಕು."

"ಒಂದು ಗೀರು ಬಿದ್ದಿದ್ರೂ ಕಂಪನಿ ಬಿಡಲ್ಲ," ಎಂದು ಸೇಲ್ಸ್‌ಮನ್ ದನಿಯೇರಿಸಿದ.

ಎಲ್ಲರೂ ಹೊರಬಂದಾಗ ಒಬ್ಬ ಹುಡುಗ ದೊಡ್ಡ ಯಂತ್ರ ಹತ್ತಲು ಹೋದ. "ಅವನು ಬೇಡ," ಎಂದಳು ಅಕ್ಕ. "ಗಾಜು ಪುಡಿ ಮಾಡ್ತಾನೆ." ಇನ್‌ಸ್ಪೆಕ್ಟರ್ ಯೋಚಿಸಿದರು. ನಿಯಮದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆರೋಪಿಯೇ ಮಾಲು ತೋರಿಸಿ ಹೊರತೆಗೆದುಕೊಟ್ಟಳೆಂದು ಪಂಚನಾಮೆಯಲ್ಲಿ ಬರೆಯಬಹುದಿತ್ತು. ಪಂಚರಾಗಿ ಬೀದಿಯಾಚೆಯ ಬಡಗಿಯನ್ನೂ ಗ್ಯಾರೇಜಿನವನನ್ನೂ ಕರೆಸಿದರು. ಚುರುಕಮ್ಮ ಹಳೇ ಯಂತ್ರದ ಮೆಟ್ಟಿಲ ಮೇಲೆ ಕಾವಲು ನಿಂತಳು. ಅಕ್ಕ ತೇಪೆ ಹಾಕಿದ ಸೀಟಿನಲ್ಲಿ ಕೂತು ಬೆನ್ನು ಹಿಂದಕ್ಕೊರಗಿಸಿದಳು.

ಮುಂದಿನದನ್ನು ಬಡಗಿ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಕಬ್ಬಿಣದ ಆ ದೊಡ್ಡ ಕೈ ಹಾಲಿನ ಮೇಲಿನ ಕೆನೆ ತೆಗೆದ ಹಾಗೆ ಪದರ ಪದರವಾಗಿ ಮಣ್ಣು ತೆಗೆಯಿತು. ಮಣ್ಣಿನ ಕೆಳಗೆ ಮರಳು, ಮರಳಿನ ಕೆಳಗೆ ಟಾರ್ಪಾಲು. ಟಾರ್ಪಾಲು ಸರಿಸಿದರೆ ಚಿಕ್ಕ ಯಂತ್ರ ಕೈ ಮಡಚಿ ಕೂತಿತ್ತು, ಗಾಜುಗಳಿಗೆ ರಟ್ಟು ಕಟ್ಟಿತ್ತು. ಇಳಿಜಾರು ತೆರವಾದ ಮೇಲೆ ಅಕ್ಕ ಇಳಿದುಹೋಗಿ ಕೀ ತಿರುಗಿಸಿದಳು. ಮೊದಲ ಸಲಕ್ಕೇ ಎಂಜಿನ್ ಹೊತ್ತಿಕೊಂಡಿತು. ಸೇಲ್ಸ್‌ಮನ್ ಸುತ್ತಲೂ ಹುಡುಕಿ ಹುಡುಕಿ ಸೋತ.

"ಗೀರು ಇಲ್ಲ," ಎಂದ.

"ಮಶೀನ್ ಚೆನ್ನಾಗಿದೆ," ಎಂದಳು ಅಕ್ಕ ತಮ್ಮನಿಗೆ. "ನಿನ್ನೆ ನಾನೂ ಟ್ರಯಲ್ ನೋಡಿದೆ. ಸಂದಿಗೊಂದಿಗೆ ಇದೇ ಸರಿ. ಆರೂ ಇದನ್ನೇ ತಗೋ. ಒಂದರಲ್ಲಿ ನಾನು ಕೂರ್ತೀನಿ."

ನಲ್ಲಿಯಪ್ಪ ಅಕ್ಕನ ಕೈ ಹಿಡಿದುಕೊಂಡ. "ತಪ್ಪಾಯ್ತು ಅಂತ ಒಂದು ಮಾತು ಹೇಳು ಅಕ್ಕಾ. ಇವರ ಕೈಕಾಲು ಹಿಡಿದು ದೂರು ವಾಪಸ್ ತಗೋತೀನಿ. ಯಾರೋ ಹುಡುಗರು ಗೊತ್ತಿಲ್ಲದೆ ಮುಚ್ಚಿದ್ರು ಅಂದ್ರಾಯ್ತು."

ಅವಳು ಕೈ ಬಿಡಿಸಿಕೊಂಡಳು. "ಇಷ್ಟು ಚೆಂದ ಮುಚ್ಚಿದ್ದನ್ನ ನಿನ್ನ ಹುಡುಗರ ಹೆಸರಿಗೆ ಬರೆಸ್ತೀಯಾ? ಅದೂ ಹೋಯ್ತಾ ನನ್ನ ಕೈಯಿಂದ? ಮಾಡಿದ್ದು ನಾನು. ನಡೀರಿ ಸಾರ್."

ಮೂರು ಗಂಟೆಗೆ ಜೀಪು ಠಾಣೆಯ ಗೇಟು ದಾಟುವಾಗ ಎಂದಿನಂತೆ ಎತ್ತಿಹಾಕಿತು. ಅಕ್ಕ ತಲೆ ಹೊರಗೆ ಹಾಕಿ ಹಳ್ಳ ನೋಡಿದಳು. "ಯಾರು ಮುಚ್ಚಿದ್ದು ಇದು?"

"ನಿಮ್ಮ ಕಂಪನಿಯೇ," ಎಂದರು ಇನ್‌ಸ್ಪೆಕ್ಟರ್.

"ಮಣ್ಣಿಗೆ ನೀರು ಕುಡಿಸಿಲ್ಲ, ಗುದ್ದಿ ಗಟ್ಟಿ ಮಾಡಿಲ್ಲ, ಟೇಪಂತೂ ಮೊದಲೇ ಇಲ್ಲ. ಅಂಥವರನ್ನ ಬಿಟ್ಟು ನನ್ನನ್ನ ಹಿಡೀತೀರಿ."

ಒಳಗೆ ಬಂಧನದ ಪತ್ರ ತುಂಬಿಸಲು ಇನ್‌ಸ್ಪೆಕ್ಟರ್ ಕೂತರು. ನಲ್ಲಿಯಪ್ಪ ವಕೀಲರಿಗೆ ಫೋನು ಮಾಡಿ ಬಂದು ಅಕ್ಕನ ಹಿಂದೆ ನಿಂತಿದ್ದ. ವಯಸ್ಸು, ವಿಳಾಸ ಆಯಿತು.

"ವೃತ್ತಿ?"

ಅಕ್ಕ ಹಿಂದಕ್ಕೆ ತಿರುಗಿ, "ಅವನನ್ನೇ ಕೇಳಿ," ಎಂದಳು.

ಬೆಳಗ್ಗೆ ಇದೇ ಕುರ್ಚಿಯಲ್ಲಿ ಕೂತು ಮತ್ಯಾರೂ ಇಲ್ಲ ಎಂದಿದ್ದವನು ಅಕ್ಕನ ಪಕ್ಕಕ್ಕೆ ಬಂದು ನಿಂತ. ಚುರುಕಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು.

"ಆಪರೇಟರ್," ಎಂದ ನಲ್ಲಿಯಪ್ಪ. ಆಮೇಲೆ ಮುಖ ಒರೆಸಿಕೊಂಡು, ಕೇಳದಿದ್ದರೂ ಇನ್ನೊಮ್ಮೆ ಹೇಳಿದ. "ನಮ್ಮ ಕಂಪನಿಯ ಮೊದಲನೇ ಆಪರೇಟರ್ ಸಾರ್. ಹಾಗೇ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಹಾಗೆಯೇ ಬರೆದರು. ಕೇಸ್ ಡೈರಿಯಲ್ಲಿ ಕಾರಣದ ಜಾಗಕ್ಕೆ ಬಂದಾಗ, ಲಾಭದ ಆಸೆಯಾಗಲಿ ದ್ವೇಷವಾಗಲಿ ಕಂಡುಬಂದಿಲ್ಲ, ಆರೋಪಿಗೆ ಟ್ರಯಲ್ ಕೊಟ್ಟಿರಲಿಲ್ಲ ಎಂದು ಬರೆದು ಸಹಿ ಹಾಕಿದರು. ಅಕ್ಕ ಅದನ್ನು ಓದಿಸಿಕೊಂಡು ಕೇಳಿ, ಸರಿಯಾಗಿದೆ ಎಂದು ತಲೆಯಾಡಿಸಿದಳು.