ಒಂದು ಮೊಳ ಎಡಕ್ಕೆ

ರಿಂಗಿಗೆ ಬಡಿದ ಚೆಂಡು ಒಳಗೆ ಬೀಳುವ ಬದಲು ಹೊರಗೆ ಚಿಮ್ಮಿ, ಕಂಬದ ಪಕ್ಕ ನಿಂತಿದ್ದ ಅಪರಿಚಿತನ ಕೈಯಲ್ಲಿದ್ದ ಕಾಫಿ ಲೋಟವನ್ನು ಹಾರಿಸಿಬಿಟ್ಟಿತು. ಬಿಳಿ ಶರ್ಟಿನ ತುಂಬ ಕಾಫಿ.

ವಿಶಾಖಾ ಓಡಿ ಬಂದಳು. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವನು ಕೇಳಿದ.

"ಎಸೆಯೋವಾಗ ನಿಮ್ಮ ಕಣ್ಣೆಲ್ಲಿತ್ತು?"

ಅವಳಿಗೆ ರೇಗಿಹೋಯಿತು. "ಬೇಕು ಅಂತ ಹೊಡೀಲಿಲ್ಲ ಸರ್. ಶರ್ಟ್ ಒಗೆಸಿ ಕೊಡ್ತೀನಿ ಬಿಡಿ."

"ಬೈದಿದ್ದಲ್ಲ ಮೇಡಂ, ನಿಜವಾಗ್ಲೂ ಕೇಳ್ತಿದೀನಿ. ಅದೇ ನನ್ನ ಕೆಲಸ."

ಕಣ್ಣೆಲ್ಲಿತ್ತು ಎಂದು ಕೇಳುವುದೂ ಒಂದು ಕೆಲಸವೇ? ಮಲ್ಲೇಶ್ವರದ ಆ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ಬೆಳಗಿನ ಆರೂವರೆಗೆ, ವಿಶಾಖಾಳ ಗೊಂದಲ ಶುರುವಾದದ್ದು ಹೀಗೆ.

ಅವನ ಹೆಸರು ಯೋಗಾನಂದ. ಆಟಗಾರರ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಅವನನ್ನು ಕರೆಸಿದ್ದು ಕೋಚ್ ಸಮರ್ಥ, ಅದೂ ವಿಶಾಖಾಳಿಗಾಗಿಯೇ. ಶ್ರೀರಾಂಪುರದ ಈ ಹುಡುಗಿ ಹದಿನಾಲ್ಕು ವರ್ಷದಿಂದ ಆಡುತ್ತಿದ್ದಳು. ಎರಡು ತಿಂಗಳಿಂದ ಏನಾಯಿತೋ, ಯಾರೂ ಅಡ್ಡ ಬರದ, ನಿಂತಲ್ಲೇ ನಿಂತು ಎಸೆಯುವ ಫ್ರೀ ಥ್ರೋ ಕೈಕೊಡುತ್ತಿತ್ತು. ತಿಂಗಳ ಕೊನೆಯ ಭಾನುವಾರ ಸರ್ಕಾರಿ ಇಲಾಖೆಯೊಂದರ ತಂಡಕ್ಕೆ ಆಯ್ಕೆ. ಹತ್ತರಲ್ಲಿ ಎಂಟು ಬಿದ್ದರೆ ತಂಡ, ತಂಡದ ಜೊತೆಗೆ ಕಾಯಂ ಕೆಲಸ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ.

ಯೋಗಾನಂದ ಅವಳಿಗೊಂದು ಕನ್ನಡಕ ತೊಡಿಸಿದ. ಎದುರಿಗಿದ್ದದ್ದನ್ನೆಲ್ಲ ಅದು ವಿಡಿಯೋ ಮಾಡುತ್ತದೆ. ಅವಳ ದೃಷ್ಟಿ ಬಿದ್ದ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಮೂಡುತ್ತದೆ. ಮೊದಲು ಅದಕ್ಕೆ ಅವಳ ಕಣ್ಣಿನ ಪರಿಚಯ ಮಾಡಿಸಬೇಕಂತೆ. ಐದು ಗುರುತುಗಳಿದ್ದ ಕಾಗದ ಹಿಡಿದು, ಒಂದೊಂದರ ಮೇಲೂ ಬೆರಳಿಟ್ಟು "ಇಲ್ಲಿ ನೋಡಿ... ಈಗ ಇಲ್ಲಿ ನೋಡಿ" ಎಂದ. ಆಮೇಲೆ ಕಿವಿಯ ಹಿಂದಿನ ಪಟ್ಟಿ ಬಿಗಿ ಮಾಡಿದ. ಬೆರಳು ತಾಗಿದ್ದು ಅರೆಕ್ಷಣ. ಆ ಅರೆಕ್ಷಣ ಅವಳನ್ನು ಇಡೀ ದಿನ ಕಾಡಿತು.

ನುರಿತ ಆಟಗಾರರ ಕಣ್ಣು ಎಸೆಯುವ ಮುನ್ನ ಹೆಚ್ಚುಕಮ್ಮಿ ಒಂದು ಸೆಕೆಂಡ್ ಗುರಿಯ ಮೇಲೆ ನೆಟ್ಟಿರುತ್ತದೆ ಎಂದು ಅವನು ವಿವರಿಸಿದ. ಅಷ್ಟರಲ್ಲಿ ಮೆದುಳು ತೋಳಿಗೆ ಬೇಕಾದ ಏರ್ಪಾಡನ್ನೆಲ್ಲ ಸದ್ದಿಲ್ಲದೆ ಮುಗಿಸುತ್ತದೆ. ಚಿಂತೆ ಹೊಕ್ಕರೆ ಕಣ್ಣು ಅಲೆಯುತ್ತದೆ. ಮೊಣಕೈ ಸರಿಯಿದೆಯಾ, ಮಣಿಕಟ್ಟು ಸರಿಯಿದೆಯಾ ಎಂದು ಮನಸ್ಸು ಮೂಗು ತೂರಿಸುತ್ತದೆ, ಕೈಗೆ ಕರಗತವಾದದ್ದು ಕೆಟ್ಟುಹೋಗುತ್ತದೆ.

"ನಮ್ಮಮ್ಮ ಗಾಂಧಿ ಬಜಾರ್‌ನಲ್ಲಿ ತರಕಾರಿ ಮಾರ್ತಾರೆ. ಕೈ ಹಾಕಿದ್ರೆ ಸರಿಯಾಗಿ ಕಾಲು ಕೆಜಿ ಹುರುಳಿಕಾಯಿ ಬರುತ್ತೆ. ಹೆಂಗಮ್ಮಾ ಅಂತ ಕೇಳಿದ ದಿನ ಮಾತ್ರ ತಪ್ಪುತ್ತೆ," ಎಂದು ನಕ್ಕ.

ಎಡವಟ್ಟಾದದ್ದು ಆ ನಗುವಿನಿಂದ. ಕೆಲಸದ ಚಿಂತೆಗೆ ಅಲೆಯುತ್ತಿದ್ದ ಕಣ್ಣು ಈಗ ಕಂಬದ ಪಕ್ಕ ಲ್ಯಾಪ್‌ಟಾಪ್ ಹಿಡಿದು ನಿಲ್ಲುವ ಯೋಗಾನಂದನ ಕಡೆಗೆ ಅಲೆಯತೊಡಗಿತು. ಅವಳ ಕಡೆಯಿಂದ ನೋಡಿದರೆ ಅವನ ಎಡಕ್ಕೆ, ಭುಜಕ್ಕೆ ಭುಜ ತಾಗಿಸಿ ಸಮರ್ಥ ನಿಂತಿರುತ್ತಿದ್ದ. ಪಾಪ, ಅವನು ಅಲ್ಲಿದ್ದದ್ದೂ ಅವಳಿಗೆ ಕಾಣಿಸುತ್ತಿರಲಿಲ್ಲ.

ಇದು ಭಯವೋ, ಪ್ರೀತಿಯೋ? ಗೊತ್ತಾಗದೆ ಅವಳು ಒದ್ದಾಡಿದಳು.

ಅದರ ಜೊತೆಗೆ ಇನ್ನೊಂದು ಗೋಜಲು. ಮೊದಲ ದಿನದ ನಂತರ ಅವನು ಪಟ್ಟಿ ಬಿಗಿ ಮಾಡಲೇ ಇಲ್ಲ. ಬೆವರಿಗೆ ಕನ್ನಡಕ ಜಾರಿದರೂ "ಇರ್ಲಿ, ಪರವಾಗಿಲ್ಲ" ಎಂದು ಮಾರು ದೂರ ನಿಲ್ಲುತ್ತಿದ್ದ. ನಮ್ಮ ಮನೆ ಯಾವುದು, ನಾವು ಯಾರು ಎಂದು ಇವನಿಗೆ ಯಾರಾದರೂ ಹೇಳಿಬಿಟ್ಟರೇ? ಜನ ಮುಟ್ಟದೆ ದೂರ ನಿಂತರೆ ಅದಕ್ಕೇನು ಅರ್ಥವೆಂದು ಅಜ್ಜಿ ಹನುಮಕ್ಕನ ಬಾಯಲ್ಲಿ ಅವಳು ಚಿಕ್ಕಂದಿನಿಂದ ಕೇಳಿದ್ದಳು. ಇವನು ಅಂಥವನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಮತ್ತೆ ಯಾಕೆ ದೂರ ನಿಲ್ಲುತ್ತಾನೆ...

ಆಯ್ಕೆಗೆ ನಾಲ್ಕೇ ದಿನವಿದ್ದಾಗ, ಅವನು ಅವಳ ಮುಖ ನೋಡದೆ ಲ್ಯಾಪ್‌ಟಾಪ್ ಮುಚ್ಚಿದ.

"ನಿಮ್ಮ ಕಣ್ಣು ಎಲ್ಲಿ ಹೋಗುತ್ತೆ ಅಂತ ಗೊತ್ತಾಯ್ತು. ನಾಳೆಯಿಂದ ನಾನು ಬರಲ್ಲ. ಸಮರ್ಥ ನೋಡ್ಕೋತಾರೆ."

ವಿಶಾಖಾ ತಾನೇ ಕನ್ನಡಕ ಕಳಚಿ ಅವನ ಬ್ಯಾಗಿನೊಳಗೆ ಹಾಕಿದಳು. ಎಲ್ಲ ಗೊತ್ತಾಗಿಹೋಗಿದೆ. ಗೊತ್ತಾಗಿಯೇ ದೂರ ಹೋಗುತ್ತಿದ್ದಾನೆ. ಮರುದಿನ ಹತ್ತರಲ್ಲಿ ಬಿದ್ದದ್ದು ನಾಲ್ಕು.

ಶುಕ್ರವಾರ ಸಂಜೆ, ಸಮರ್ಥ ಕಳಿಸಿದ್ದ ಕನ್ನಡಕದ ವಿಡಿಯೋ ಫೋನಿನಲ್ಲಿ ಹಾಕಿಕೊಂಡು ಕೂತಳು. ತನ್ನ ಮಾನ ಹೇಗೆ ಹೋಯಿತೆಂದು ತಾನೇ ನೋಡಿಬಿಡುವ ಹಟ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಹನುಮಕ್ಕ ಬಗ್ಗಿ ನೋಡಿ, ಆ ಕೆಂಪು ಬೊಟ್ಟು ಏನೆಂದು ಕೇಳಿದರು. ನಾನು ನೋಡ್ತಿದ್ದ ಜಾಗ ಅಜ್ಜಿ, ಎಂದಳು.

"ಚೆಂಡು ಒಳಗೆ ಬಿದ್ದಾಗ್ಲೂ ನೀನು ರಿಂಗ್ ಹಿಂದಿನ ಹಲಗೆ ಮೂಲೆ ನೋಡ್ತಿದ್ಯೇನೇ?"

ವಿಶಾಖಾ ವಿಡಿಯೋ ನಿಲ್ಲಿಸಿ ಹಿಂದಕ್ಕೆ ಓಡಿಸಿದಳು. ನಿಜ. ಚೆಂಡು ಸಲೀಸಾಗಿ ಬಿದ್ದ ಎಸೆತಗಳಲ್ಲೂ ಚುಕ್ಕಿ ರಿಂಗಿನ ಮೇಲಿಲ್ಲ, ಒಂದು ಮೊಳ ಎಡಕ್ಕಿದೆ. ಆದರೆ ಆಗ ಅವಳು ರಿಂಗನ್ನೇ ನೋಡುತ್ತಿದ್ದಳು, ಅದರಲ್ಲಿ ಸಂಶಯವಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಚುಕ್ಕಿ, ಜಾರಿದ ಕನ್ನಡಕ. ತಪ್ಪಿದ ಎಸೆತಗಳಲ್ಲಿ ಆ ಚುಕ್ಕಿ ಎಲ್ಲಿದೆ? ಪ್ರತಿಸಲವೂ ಸಮರ್ಥನ ಎದೆಯ ಮೇಲೆ.

ಅವಳು ವಿಡಿಯೋವನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿದಳು.

ಶನಿವಾರ ಗಾಂಧಿ ಬಜಾರ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯೋಗಾನಂದನ ತಾಯಿ ಮುನಿರತ್ನಮ್ಮನವರ ತರಕಾರಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬೀನ್ಸ್ ರಾಶಿಯ ಹಿಂದೆ ಯೋಗಾನಂದ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದ, ಅವಳನ್ನು ಕಂಡು ಗಡಬಡಿಸಿ ಎದ್ದ.

"ನಾನು ಯಾರನ್ನ ನೋಡ್ತೀನಿ ಅಂತ ಗೊತ್ತಾಯ್ತು ನಿಮಗೆ?"

"ಸಮರ್ಥನ್ನ." ಅವನ ದನಿ ಕುಗ್ಗಿತ್ತು. "ಹದಿನೇಳು ಸಲ. ನಿಮ್ಮಿಬ್ರ ಮಧ್ಯೆ ನಾನ್ಯಾಕೆ ಅಂತ..."

"ಚೆಂಡು ಬಿದ್ದಾಗ ಚುಕ್ಕಿ ಎಲ್ಲಿತ್ತು? ಅದನ್ನ ನೋಡಿದ್ರಾ?"

ಅವನು ನೋಡಿರಲಿಲ್ಲ. ಹದಿನೇಳು ಸಲ ಹೊಟ್ಟೆ ಉರಿಸಿಕೊಂಡವನು ಉಳಿದ ಎಸೆತಗಳ ಕಡೆ ಕಣ್ಣೇ ಹಾಯಿಸಿರಲಿಲ್ಲ. ಅವಳು ಫೋನ್ ಮುಂದೆ ಹಿಡಿದಳು. ನೋಡುತ್ತ ನೋಡುತ್ತ ಅವನ ಮುಖದ ಬಣ್ಣ ಬದಲಾಯಿತು.

"ರಿಂಗಿಂದ... ಒಂದು ಮೊಳ ಎಡಕ್ಕೆ."

"ಹಾಗಾದ್ರೆ ಸಮರ್ಥ್ ಸರ್‌ಗೆ ಒಂದು ಮೊಳ ಬಲಕ್ಕೆ ಯಾರು ನಿಂತಿದ್ರು?"

ಯೋಗಾನಂದ ಬೆರಳನ್ನು ತನ್ನ ಎದೆಯ ಕಡೆಗೇ ತಿರುಗಿಸಿದ. ಆದರೆ ವಿಶಾಖಾ ಇನ್ನೂ ನಗಲಿಲ್ಲ. ಅವಳು ನಿಜಕ್ಕೂ ಕೇಳಬೇಕಾದದ್ದು ಇನ್ನೂ ಬಾಕಿಯಿತ್ತು.

"ಪಟ್ಟಿ ಯಾಕೆ ಬಿಗಿ ಮಾಡ್ಲಿಲ್ಲ? ನಾನು ಯಾರ ಮನೆ ಹುಡುಗಿ ಅಂತ ಗೊತ್ತಾಗಿ ದೂರ ನಿಂತ್ರಾ?"

ಅವನಿಗೆ ಒಂದು ಗಳಿಗೆ ಮಾತು ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿ ಬಂತು.

"ಇಲ್ಲ ವಿಶಾಖಾ. ಮೊದಲ ದಿನ ನಿಮ್ಮ ಕಿವಿ ಹತ್ರ ಕೈ ತಂದಾಗ ನನ್ನ ಕೈ ನಡುಗ್ತು. ನಿಮಗೆ ಗೊತ್ತಾಗ್ಬಿಡುತ್ತೆ ಅಂತ ಹೆದರಿ ಆಮೇಲೆ ಮುಟ್ಲೇ ಇಲ್ಲ. ಜೂನಿಯರ್‌ಗಳಿಗೆ ನಾನೇ ಹೇಳಿಕೊಡೋ ಪಾಠ ಅದು, ಪಟ್ಟಿ ಸಡಿಲ ಬಿಡಬೇಡಿ ಅಂತ."

ಆ ಹೊತ್ತಿಗೆ ಮುನಿರತ್ನಮ್ಮ ಗಿರಾಕಿಗೆ ಹಾಕಿದ ಕಾಲು ಕೆಜಿ ಬೀನ್ಸ್ ತಕ್ಕಡಿಯಲ್ಲಿ ಅರ್ಧ ಕೆಜಿಯ ಹತ್ತಿರ ತೂಗಿತು. ಕಿವಿಯೆಲ್ಲ ಮಗನ ಕಡೆಗಿದ್ದರೆ ಕೈ ಏನು ತಾನೆ ಮಾಡೀತು?

ನಾಳೆ ನಾನು ಬರದಿದ್ದರೆ ಒಳ್ಳೆಯದಲ್ಲವೇ ಎಂದು ಅವನು ಕೇಳಿದ. ವಿಶಾಖಾ ಬೇಡವೆಂದು ಅಡ್ಡಡ್ಡ ತಲೆಯಾಡಿಸಿದಳು.

"ಬನ್ನಿ. ರಿಂಗಿನ ನೇರಕ್ಕೆ, ಹಿಂದೆ ನಿಂತ್ಕೊಳ್ಳಿ. ಕಣ್ಣಿಗೆ ಅಲೆಯೋಕೆ ಬೇರೆ ಜಾಗ ಇರಬಾರದು."

ಭಾನುವಾರ ಒಂಬತ್ತು ಎಸೆತಗಳಲ್ಲಿ ಏಳು ಬಿದ್ದವು, ಎರಡು ತಪ್ಪಿದವು. ಉಳಿದದ್ದು ಒಂದು. ವಿಶಾಖಾ ಚೆಂಡನ್ನು ಮೂರು ಸಲ ಪುಟಿಸಿ ತಲೆಯೆತ್ತಿದಳು. ರಿಂಗಿನ ಹಿಂದೆ ಅವನಿದ್ದಾನೆಂದು ಗೊತ್ತಿತ್ತು. ಗೊತ್ತಿದ್ದರೆ ಸಾಕಿತ್ತು, ಹುಡುಕಬೇಕಿರಲಿಲ್ಲ. ಕಣ್ಣು ರಿಂಗಿನ ಅಂಚಿನಲ್ಲಿ ನಿಂತಿತು. ಮೊಣಕೈ ನೆನಪಾಗಲಿಲ್ಲ, ಮಣಿಕಟ್ಟೂ ನೆನಪಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಕೈ ತನ್ನ ಕೆಲಸ ತಾನು ಮಾಡಿತು. ಚೆಂಡು ಬಲೆಯೊಳಗಿಂದ ಕೆಳಗಿಳಿದಾಗ ಸಮರ್ಥ ಹಾಕಿದ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು.

ಜನ ಕರಗಿದ ಮೇಲೆ ಅವಳು ಯೋಗಾನಂದನ ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಅವನ ಮುಂದೆ ನಿಂತಳು.

"ಪಟ್ಟಿ ಬಿಗಿ ಮಾಡಿ."

ಅವನ ಕೈ ಕಿವಿಯ ಹಿಂದೆ ಬಂತು. ನಡುಗುತ್ತಿತ್ತು. ಈ ಸಲ ಅವನು ಬಚ್ಚಿಡಲಿಲ್ಲ, ಅವಳೂ ಸರಿಯಲಿಲ್ಲ.

"ಎಲ್ಲಿ ನೋಡ್ಲಿ? ಕಾಗದ ತಂದಿಲ್ವಲ್ಲ."

"ಕಾಗದ ಬೇಡ. ಇಲ್ಲಿ ನೋಡು, ನನ್ನ."

"ಮೊದಲ ದಿನದಿಂದ ಅಲ್ಲೇ ನೋಡ್ತಿದೀನಿ. ನಿನ್ನ ಮೆಷಿನ್‌ಗೆ ಗೊತ್ತಾಗ್ಲಿಲ್ಲ, ಅಷ್ಟೆ."